ಕಟ್ಟಡಗಳ ಬಣ್ಣದ ಕೆಲಸ: ವೃತ್ತಿ, ತರಬೇತಿ ಹಾಗೂ ನೋಂದಣಿ ಕುರಿತು ಬೈರಮಂಗಲ ಸುತ್ತಲಿನ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಬೈರಮಂಗಲವು ರಾಮನಗರ ತಾಲ್ಲೂಕು ಬಿಡದಿ ಹೋಬಳಿಗೆ ಸೇರಿದ ಗ್ರಾಮವಾಗಿದ್ದು, ವೃಷಭಾವತಿ ನದಿಗೆ ನಿರ್ಮಿಸಲಾದ ಜಲಾಶಯದಿಂದ ಪರಿಚಿತವಾಗಿದೆ. ಸಮೀಪದಲ್ಲಿಯೇ ಬಿಡದಿ ಕೈಗಾರಿಕಾ ಪ್ರದೇಶ ಹಾಗೂ ಬೆಂಗಳೂರು-ಮೈಸೂರು ಹೆದ್ದಾರಿ ಇರುವುದರಿಂದ ಈ ಭಾಗದ ಯುವಕರಿಗೆ ಕಟ್ಟಡಗಳ ಬಣ್ಣದ ಕೆಲಸವು ಜೀವನೋಪಾಯದ ಒಂದು ಮಾರ್ಗವಾಗಿದೆ. ಈ ವೃತ್ತಿಯನ್ನು ಕೈಗೊಳ್ಳುವವರು ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಕೆಲಸದ ಸ್ವರೂಪ

ಈ ವೃತ್ತಿಯಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಹೊಸ ಕಟ್ಟಡಗಳಿಗೆ ಬಣ್ಣ ಬಳಿಯುವುದು. ಎರಡನೆಯದು ಹಳೆಯ ಕಟ್ಟಡಗಳ ನಿರ್ವಹಣೆ, ಅಂದರೆ ಸಾಮಾನ್ಯರು ಸುಣ್ಣ-ಬಣ್ಣ ಎಂದು ಕರೆಯುವ ಕೆಲಸ. ಹೊಸ ಗಾರೆಗೆ ನೀರುಣಿಸಿ, ಅದು ಪೂರ್ಣವಾಗಿ ಒಣಗಿದ ನಂತರವೇ ಪುಟ್ಟಿ, ಪ್ರೈಮರ್ ಹಾಗೂ ಬಣ್ಣದ ಲೇಪಗಳನ್ನು ಕ್ರಮವಾಗಿ ಹಾಕತಕ್ಕದ್ದು. ತೇವವಿರುವ ಗೋಡೆಗೆ ಬಳಿದ ಬಣ್ಣವು ಉಬ್ಬಿ ಸಿಪ್ಪೆಯೇಳುತ್ತದೆ. ಹಳೆಯ ಗೋಡೆಯಲ್ಲಿ ಸಡಿಲವಾದ ಪದರವನ್ನು ಕೆರೆದು, ಬಿರುಕು ಮುಚ್ಚಿ, ನೀರು ಸೋರುವ ಮೂಲವನ್ನು ಮೊದಲು ಸರಿಪಡಿಸಬೇಕು. ಮಳೆಗಾಲದಲ್ಲಿ ಹೊರಗೋಡೆಗಳ ಕೆಲಸ ಕಡಿಮೆಯಾಗುತ್ತದೆ. ಯುಗಾದಿ, ದಸರಾ, ದೀಪಾವಳಿ ಹಾಗೂ ಮದುವೆಯ ದಿನಗಳ ಮುಂಚೆ ಬೇಡಿಕೆ ಹೆಚ್ಚುತ್ತದೆ. ಆದ್ದರಿಂದ ವರ್ಷವಿಡೀ ಒಂದೇ ಪ್ರಮಾಣದ ಆದಾಯವನ್ನು ನಿರೀಕ್ಷಿಸಲಾಗದು.

ಕೂಲಿಯನ್ನು ದಿನದ ಲೆಕ್ಕದಲ್ಲಾಗಲಿ, ಚದರ ಅಡಿ ಲೆಕ್ಕದಲ್ಲಾಗಲಿ ನಿಗದಿಪಡಿಸುವುದು ರೂಢಿ. ಚದರ ಅಡಿ ಲೆಕ್ಕವಾದಲ್ಲಿ ಬಾಗಿಲು-ಕಿಟಕಿಗಳನ್ನು ಕಳೆಯುವ ರೀತಿ, ಲೇಪಗಳ ಸಂಖ್ಯೆ ಹಾಗೂ ಸಾಮಗ್ರಿ ಯಾರದೆಂಬುದನ್ನು ಕೆಲಸ ಆರಂಭಿಸುವ ಮುನ್ನವೇ ಲಿಖಿತವಾಗಿ ಒಪ್ಪಿಕೊಳ್ಳುವುದು ಸೂಕ್ತ.

ತರಬೇತಿ

ಬಹುತೇಕರು ಮೇಸ್ತ್ರಿಯ ಬಳಿ ಸಹಾಯಕರಾಗಿ ಸೇರಿ ಕೆಲಸ ಕಲಿಯುತ್ತಾರೆ. ಪ್ರಮಾಣಪತ್ರ ಬಯಸುವವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳ ವೃತ್ತಿಪಟ್ಟಿಯಲ್ಲಿ ಪೇಂಟರ್ ವೃತ್ತಿಯು ಸೇರಿದೆ. ಆದರೆ ಎಲ್ಲಾ ಸಂಸ್ಥೆಗಳಲ್ಲಿಯೂ ಈ ವೃತ್ತಿ ಲಭ್ಯವಿರುವುದಿಲ್ಲವಾದ್ದರಿಂದ ಪ್ರವೇಶ ಪ್ರಕಟಣೆಯನ್ನು ಪರಿಶೀಲಿಸಿ ಅರ್ಜಿ ಸಲ್ಲಿಸತಕ್ಕದ್ದು.

ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಕಲಿಸಲಾಗುವ ಬಣ್ಣದ ತರಬೇತಿಯು ವಾಹನಗಳಿಗೆ ಸಂಬಂಧಿಸಿದ್ದು. ಕಾರ್ಖಾನೆಯಲ್ಲಿ ವಾಹನ ಅಥವಾ ಬಿಡಿಭಾಗಗಳಿಗೆ ಬಣ್ಣ ಹಾಕುವವರು ಕಟ್ಟಡ ಕಾರ್ಮಿಕರೆಂದು ಪರಿಗಣಿತರಾಗುವುದಿಲ್ಲ. ಅಂತೆಯೇ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾರೆ ಕೆಲಸ ಸೇರಿದೆಯೇ ಹೊರತು ಬಣ್ಣದ ಕೆಲಸ ಸೇರಿಲ್ಲ.

ಕಲ್ಯಾಣ ಮಂಡಳಿಯಲ್ಲಿ ನೋಂದಣಿ

ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು 1996ರ ಕೇಂದ್ರ ಕಾಯ್ದೆ ಹಾಗೂ 2006ರ ರಾಜ್ಯ ನಿಯಮಗಳನ್ವಯ 2007ರಲ್ಲಿ ಸ್ಥಾಪನೆಯಾಯಿತು. ನಿರ್ಮಾಣ ವೆಚ್ಚದ ಮೇಲೆ ಶೇಕಡಾ 1ರಂತೆ ವಸೂಲಾದ ಸುಂಕದಿಂದ ಇದರ ನಿಧಿ ರೂಪುಗೊಂಡಿದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದ್ದು, ಈ ಕೆಳಕಂಡ ಮೂಲ ಅರ್ಹತೆಗಳು ಅದರಲ್ಲಿಯೂ ಮುಂದುವರಿದಿವೆ.

1. ವಯಸ್ಸು 18 ವರ್ಷ ತುಂಬಿದ್ದು, 60 ವರ್ಷ ತುಂಬಿರಬಾರದು.
2. ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 90 ದಿನಗಳು ಕಟ್ಟಡ ಅಥವಾ ನಿರ್ಮಾಣ ಕೆಲಸ ಮಾಡಿರಬೇಕು. ದುರಸ್ತಿ ಹಾಗೂ ನಿರ್ವಹಣೆಯ ಕೆಲಸವೂ ಇದರಲ್ಲಿ ಸೇರುತ್ತದೆ.

ನೋಂದಾಯಿತ ಫಲಾನುಭವಿಗಳಿಗೆ ಪಿಂಚಣಿ, ಅಪಘಾತ ಪರಿಹಾರ, ವೈದ್ಯಕೀಯ ನೆರವು, ಹೆರಿಗೆ, ಮದುವೆ ಹಾಗೂ ಮಕ್ಕಳ ಶಿಕ್ಷಣಕ್ಕೆ ಸಹಾಯಧನದ ಸೌಲಭ್ಯಗಳಿವೆ. ಪ್ರತಿಯೊಂದು ಸೌಲಭ್ಯಕ್ಕೂ ಪ್ರತ್ಯೇಕ ಷರತ್ತುಗಳು ಅನ್ವಯಿಸುತ್ತವೆ.

90 ದಿನಗಳ ಪುರಾವೆ

ಬಣ್ಣದ ಕೆಲಸಗಾರರಿಗೆ ಎದುರಾಗುವ ಪ್ರಮುಖ ತೊಡಕು ಇದೇ ಆಗಿದೆ. ಗಾರೆ ಕೆಲಸದವರು ಒಂದೇ ಕಟ್ಟಡದಲ್ಲಿ ತಿಂಗಳುಗಟ್ಟಲೆ ಇರಬಹುದು. ಬಣ್ಣದವರು ಒಂದು ಮನೆಯಲ್ಲಿ ಕೆಲವೇ ದಿನ ದುಡಿದು ಮತ್ತೊಂದಕ್ಕೆ ಹೋಗುತ್ತಾರೆ. 10 ಮನೆಗಳಲ್ಲಿ ತಲಾ 9 ದಿನ ದುಡಿದರೆ 90 ದಿನಗಳು ಪೂರ್ಣಗೊಳ್ಳುತ್ತವೆ, ಆದರೆ ಒಬ್ಬ ಮಾಲೀಕರೂ ಪೂರ್ಣ ಅವಧಿಗೆ ದೃಢೀಕರಣ ನೀಡಲಾರರು. ಆದಕಾರಣ ಪ್ರತಿ ಕೆಲಸದ ಸ್ಥಳ, ದಿನಾಂಕ, ಮಾಲೀಕರ ಅಥವಾ ಗುತ್ತಿಗೆದಾರರ ಹೆಸರು ಹಾಗೂ ಪಡೆದ ಕೂಲಿಯನ್ನು ಪುಸ್ತಕದಲ್ಲಿ ಬರೆದು, ಕೆಲಸ ಮುಗಿದ ದಿನವೇ ಸಹಿ ಪಡೆಯುವುದು ಹಿತಕರ. ಉದ್ಯೋಗ ದೃಢೀಕರಣವನ್ನು ಮಾಲೀಕರು ಅಥವಾ ಗುತ್ತಿಗೆದಾರರಿಂದ ಪಡೆಯುವುದಲ್ಲದೆ, ನಿಗದಿತ ನಮೂನೆಯಲ್ಲಿ ನೋಂದಾಯಿತ ಕಾರ್ಮಿಕ ಸಂಘ, ಕಾರ್ಮಿಕ ನಿರೀಕ್ಷಕರು ಅಥವಾ ಗ್ರಾಮ ಪಂಚಾಯಿತಿಯ ಮೂಲಕ ಪಡೆಯುವ ವ್ಯವಸ್ಥೆಯನ್ನು ರೂಪಿಸಲಾಗಿದೆ. ಇಂತಹ ಪುಸ್ತಕವು ದೃಢೀಕರಿಸುವವರಿಗೂ ಆಧಾರವಾಗುತ್ತದೆ. ಕೆಲಸ ಮಾಡದವರು ಸುಳ್ಳು ದೃಢೀಕರಣದಿಂದ ಪಡೆದ ಗುರುತಿನ ಚೀಟಿ ರದ್ದಾಗುತ್ತದೆ.

ಸುರಕ್ಷತೆ ಹಾಗೂ ಆರೋಗ್ಯ

ಎತ್ತರದಿಂದ ಬೀಳುವುದು ಈ ವೃತ್ತಿಯ ದೊಡ್ಡ ಅಪಾಯ. ಸಾರುವೆ, ಏಣಿ, ಜೂಲಾ ಹಾಗೂ ಹಗ್ಗಗಳನ್ನು ಪ್ರತಿದಿನ ಪರೀಕ್ಷಿಸಿ, ಸುರಕ್ಷತಾ ಬೆಲ್ಟನ್ನು ಜೂಲಾಕ್ಕೆ ಕಟ್ಟದೆ ಪ್ರತ್ಯೇಕವಾದ ಭದ್ರ ಆಧಾರಕ್ಕೆ ಬಿಗಿಯಬೇಕು. ವಿದ್ಯುತ್ ತಂತಿಗಳ ಬಳಿ ಲೋಹದ ಏಣಿ ಬಳಸಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಣ್ಣಗಾರರ ವೃತ್ತಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿನಲ್ಲಿ ಸೇರಿಸಿದೆ. ಭಾರತದಲ್ಲಿ 2016ರ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಯಾಗಿ, ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷ ಭಾಗಗಳಿಗೆ 90 ಭಾಗ ಮೀರಬಾರದೆಂದು ನಿಗದಿಯಾಯಿತು. ಅದಕ್ಕೂ ಹಿಂದಿನ ಬಣ್ಣಗಳಲ್ಲಿ ಸೀಸ ಹೆಚ್ಚಿರುವ ಸಂಭವವಿರುವುದರಿಂದ, ಹಳೆಯ ಪದರಗಳನ್ನು ಒಣಗಿದಂತೆಯೇ ಉಜ್ಜದೆ ನೀರು ಚಿಮುಕಿಸಿ ಉಜ್ಜುವುದು, ಧೂಳು ತಡೆಯುವ ಮುಖಗವಸು ಧರಿಸುವುದು, ಊಟಕ್ಕೆ ಮುನ್ನ ಕೈ ತೊಳೆಯುವುದು ಹಾಗೂ ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯದಿರುವುದು ಅವಶ್ಯ. ಥಿನ್ನರ್ ಬಳಸುವಾಗ ಕಿಟಕಿಗಳನ್ನು ತೆರೆದಿಟ್ಟು, ಬೀಡಿ-ಬೆಂಕಿಯನ್ನು ದೂರವಿಡಬೇಕು.

ಅರ್ಜಿದಾರರ ಗಮನಕ್ಕೆ

ಅಪಘಾತದ ನಂತರ ನೋಂದಣಿಗೆ ಅರ್ಜಿ ಸಲ್ಲಿಸಿದಲ್ಲಿ ಆ ಅಪಘಾತಕ್ಕೆ ನೋಂದಾಯಿತ ಫಲಾನುಭವಿಗಳ ಪರಿಹಾರ ದೊರೆಯುವುದಿಲ್ಲ. ಅರ್ಹರು 90 ದಿನಗಳು ಪೂರ್ಣಗೊಂಡ ಕೂಡಲೇ ಆಧಾರ್, ಬ್ಯಾಂಕ್ ಖಾತೆ ಹಾಗೂ ಉದ್ಯೋಗ ದೃಢೀಕರಣದ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಗುರುತಿನ ಚೀಟಿಯಲ್ಲಿ ನಮೂದಿಸಿದ ಅವಧಿ ಮುಗಿಯುವ ಮುನ್ನ ನವೀಕರಣ ಮಾಡಿಸಿಕೊಳ್ಳತಕ್ಕದ್ದು. ಹೆಚ್ಚಿನ ವಿವರಗಳಿಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.