ಸಹರಿಯ ಕಾಫಿ ಮತ್ತು ಗಡಿಯಾರದ ಯಂತ್ರ

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಇಲ್ಲಿನ ಸುಲ್ತಾನ ಜಮಾಲುದ್ದೀನರ ಮನೆಯ ಊಟವನ್ನು ಬಹಳ ಅಕ್ಕರೆಯಿಂದ ಬರೆದಿಟ್ಟಿದ್ದಾನೆ. ಅನ್ನ, ತುಪ್ಪ, ಉಪ್ಪಿನಲ್ಲಿಟ್ಟ ಮೆಣಸು, ಶುಂಠಿ, ಲಿಂಬೆ, ಮಾವು, ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಆಮೇಲೆ ಕುಡಿಯಲು ಬಿಸಿನೀರು. ಮಳೆಗಾಲದಲ್ಲಿ ತಣ್ಣೀರು ಮೈಗಾಗದು ಎಂಬ ಕಾರಣವನ್ನೂ ಅವನು ಕೊಡುತ್ತಾನೆ. ಈಗಲೂ ನಮ್ಮ ಕರಾವಳಿಯ ಅಜ್ಜಿಯರು ಇದನ್ನೇ ಹೇಳುತ್ತಾರೆ. ಬಡಿಸುತ್ತಿದ್ದವಳು ರೇಷ್ಮೆಯುಟ್ಟ ದಾಸಿ. ಅವಳ ಕೈಯಲ್ಲಿ ತಾಮ್ರದ ದೊಡ್ಡ ಸೌಟು. ಅದೇ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ 13 ಮದ್ರಸಾಗಳಿದ್ದುದನ್ನು ಅವನು ಕಂಡಿದ್ದಾನೆ.

ಆ ಊಟದಲ್ಲಿ ಕಾಫಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಕಾಫಿಯನ್ನು ಪಾನೀಯವಾಗಿ ಕುಡಿಯುತ್ತಿದ್ದುದಕ್ಕೆ ಸ್ಪಷ್ಟವಾದ ಆಧಾರ ಸಿಗುವುದು ಹದಿನೈದನೆಯ ಶತಮಾನದ ಯಮನ್‌ನಲ್ಲಿ. ಅಲ್ಲಿ ಅದನ್ನು ಹಿಡಿದವರು ವ್ಯಾಪಾರಿಗಳಲ್ಲ, ಸೂಫಿಗಳು. ಇರುಳಿಡೀ ಝಿಕ್ರ್‌ನಲ್ಲಿ ಕುಳಿತಿರಬೇಕು, ಕಣ್ಣು ಮುಚ್ಚಬಾರದು. ಅದಕ್ಕಾಗಿ ಕಹ್ವಾ. ಅಲ್ಲಿಂದ ಅದು ಕೈರೋದ ಅಲ್ ಅಝ್ಹರ್‌ಗೆ ಬಂತು. ಅಲ್ಲಿನ ಯಮನಿಗಳ ವಠಾರದಲ್ಲಿ ಸೂಫಿಗಳು ಅದನ್ನು ಹೇಗೆ ಕುಡಿಯುತ್ತಿದ್ದರೆಂಬುದನ್ನು ಅಬ್ದುಲ್ ಕಾದಿರ್ ಅಲ್ ಜಝೀರಿ 1558ರ ಸುಮಾರಿಗೆ ಬರೆದ ಕೃತಿಯಲ್ಲಿ ಹಿರಿಯರ ಮಾತನ್ನು ಆಧರಿಸಿ ಹೇಳಿದ್ದಾರೆ. ವಾರಕ್ಕೆ ಎರಡು ರಾತ್ರಿ ಕೆಂಪು ಮಣ್ಣಿನ ದೊಡ್ಡ ಪಾತ್ರೆಯಲ್ಲಿ ಕಹ್ವಾ ಇರುತ್ತಿತ್ತು. ಅದನ್ನು ಸಣ್ಣ ಬಟ್ಟಲಿನಿಂದ ಮೊಗೆದು, ಬಲಗಡೆಯಿಂದ ಆರಂಭಿಸಿ ಒಬ್ಬೊಬ್ಬರಿಗೂ ಕೊಡುತ್ತಿದ್ದವರು ಅವರ ನಾಯಕರೇ. ಈ ಒಂದು ವಿವರವನ್ನು ಓದುಗರು ನೆನಪಿನಲ್ಲಿಡಬೇಕೆಂದು ನಮ್ಮ ಕೋರಿಕೆ. ಸಭೆಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರೋ ಅವರೇ ಸೌಟು ಹಿಡಿದಿದ್ದರು.

1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಈ ಪಾನೀಯವನ್ನು ವಿಚಾರಣೆಗೆ ನಿಲ್ಲಿಸಿದ. ವಿದ್ವಾಂಸರನ್ನು ಕೂಡಿಸಿದ, ವೈದ್ಯರಿಂದ ಸಾಕ್ಷಿ ಹೇಳಿಸಿದ, ಬೀದಿಯಲ್ಲಿ ಕಾಫಿ ಸುಡಿಸಿದ. ಕೈರೋದ ಸುಲ್ತಾನನಿಂದ ಬಂದ ಆದೇಶ ಅಷ್ಟು ಕಠಿಣವಾಗಿರಲಿಲ್ಲ. ನಿಷೇಧ ಉಳಿಯಲಿಲ್ಲ, ಕಾಫಿ ಉಳಿಯಿತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯಮನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಆ ಬೆಟ್ಟದ ಹೆಸರಿನಲ್ಲಿ ಈಚಿನ ದಶಕಗಳಲ್ಲಿ ನಡೆದ ಜಗಳವೂ ಗೊತ್ತು. ಎರಡೂ ಕಡೆಯವರು ಜಗಳದ ನಡುವೆ ಕುಡಿದದ್ದು ಅದೇ ಬೀಜದ ಕಾಫಿ.

ನಮ್ಮ ಕುಮಟಾ ಕಾಫಿಯ ಬಂದರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಬ್ಬಳ್ಳಿ, ಧಾರವಾಡದ ಹತ್ತಿ ದೇವಿಮನೆ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತಿತ್ತು. ಅದಕ್ಕೆ 'ಕುಮಟಾ ಹತ್ತಿ' ಎಂಬ ಹೆಸರೇ ಬಿತ್ತು. 1888ರಲ್ಲಿ ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಆ ವೈಭವ ಇಳಿಯಿತು. ಕುಡಿಯುವುದಕ್ಕೆ ಇಲ್ಲಿ ಹೋಟೆಲಿನಲ್ಲಿ ಚಹಾ, ಹವ್ಯಕರ ಮನೆಯಲ್ಲಿ ಕೊತ್ತಂಬರಿ, ಜೀರಿಗೆಯ ಕಷಾಯ. ಕಾಫಿಗೆ ಮೂರನೆಯ ಸ್ಥಾನ ಎಂದರೂ ಸರಿಯೇ. ಆದರೂ ರಮಝಾನಿನ ಸಹರಿಗೆ ಕಾಫಿಯೇ ಬೇಕೆನ್ನುವವರು ನಮ್ಮ ಮನೆಯಂಥ ಮನೆಗಳಲ್ಲಿದ್ದಾರೆ. ಅವರಿಗಾಗಿ ಮೂರೂವರೆಗೇ ಎದ್ದು ಒಲೆ ಹಚ್ಚುವವರು ಯಾರೆಂದು ಹೇಳಬೇಕಾಗಿಲ್ಲ.

ಈಚೆಗೆ ನಮ್ಮಲ್ಲಿ ಗಡಿಯಾರವಿರುವ ಡ್ರಿಪ್ ಕಾಫಿ ಮೇಕರ್ ಕೊಳ್ಳುವ ಮಾತು ಬಂದದ್ದು ಈ ಕಾರಣದಿಂದಲೇ. ರಾತ್ರಿ ನೀರು ತುಂಬಿಸಿ, ಪುಡಿ ಹಾಕಿ, ವೇಳೆ ಗೊತ್ತುಮಾಡಿಟ್ಟರೆ ಅದು ತಾನಾಗಿಯೇ ಕಾಫಿ ಇಳಿಸುತ್ತದೆ. ಈ ಯಂತ್ರದ ಮೂಲವೂ ಒಬ್ಬ ಗೃಹಿಣಿಯ ಅಡುಗೆಮನೆಯೇ. ಜರ್ಮನಿಯ ಡ್ರೆಸ್ಡೆನ್‌ನ ಮೆಲಿಟ್ಟಾ ಬೆಂಟ್ಸ್ ಎಂಬವರು ಹಿತ್ತಾಳೆಯ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲಾಪುಸ್ತಕದ ಒತ್ತುಕಾಗದ ಹಾಸಿ ಕಾಫಿ ಸೋಸಿದರು. 1908ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. 1954ರಲ್ಲಿ ಜರ್ಮನಿಯಲ್ಲೇ ವಿಗೊಮಾಟ್ ಎಂಬ ವಿದ್ಯುತ್ ಯಂತ್ರ ಬಂತು. 1972ರಲ್ಲಿ ಅಮೆರಿಕದ ಮಿಸ್ಟರ್ ಕಾಫಿ ಅದನ್ನು ಮನೆಮನೆಗೆ ಒಯ್ದಿತು. ಗಡಿಯಾರ ಸೇರಿದ್ದು ಅದರ ಬೆನ್ನಿಗೆ. ಒಳಗಿನ ತಂತ್ರ ಬಹಳ ಸರಳ. ತೆಳ್ಳನೆಯ ಕೊಳವೆಯಲ್ಲಿ ನೀರು ಕುದಿಯುತ್ತದೆ, ಉಗಿಯ ಗುಳ್ಳೆಗಳು ಬಿಸಿನೀರನ್ನು ಮೇಲಕ್ಕೆ ತಳ್ಳುತ್ತವೆ, ಅದು ಪುಡಿಯ ಮೇಲೆ ಹನಿಯುತ್ತದೆ. ನೀರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಇದ್ದರೆ ರುಚಿ ಸರಿಯಾಗಿ ಇಳಿಯುತ್ತದೆ.

ಗಲ್ಫಿನಲ್ಲಿರುವ ಬಂಧುಗಳು "ಬರುವಾಗ ತರುತ್ತೇವೆ" ಅಂದರು. ಭಟ್ಕಳದಿಂದ ಕುಮಟಾದವರೆಗೆ ಅಡುಗೆಮನೆಯ ಎಷ್ಟೋ ಯಂತ್ರಗಳು ಹೀಗೇ ಬಂದಿವೆ. ಇಲ್ಲೊಂದು ಎಚ್ಚರಿಕೆ ಬೇಕು. ದುಬೈಯ ವಿದ್ಯುತ್ತು ನಮ್ಮಂತೆಯೇ 50 ಹರ್ಟ್ಸ್‌ನದು, ಸೌದಿಯದು 60 ಹರ್ಟ್ಸ್. ಸೌದಿಯ ಮನೆಗಳಲ್ಲಿ ಬಹುಕಾಲ 127 ವೋಲ್ಟ್ ಇತ್ತು. ಅಲ್ಲಿನ ಹಳೆಯ ಯಂತ್ರವನ್ನು ಇಲ್ಲಿ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟ್ ಇಳಿಯುತ್ತದೆ, ಹರ್ಟ್ಸ್ ಬದಲಾಗದು. ವಿದ್ಯುತ್ತಿನ ಮಿಡಿತವನ್ನೇ ಎಣಿಸುವ ಗಡಿಯಾರವಾದರೆ ಇಲ್ಲಿ ಪ್ರತಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ರಾತ್ರಿ ಹತ್ತೂವರೆಗೆ ಸರಿಮಾಡಿ ನಾಲ್ಕೂವರೆಗೆ ಕಾಫಿ ಕೇಳಿದರೆ ಅದು ಇಳಿಯುವುದು 5 ಗಂಟೆ 42 ನಿಮಿಷಕ್ಕೆ. ಮಾರ್ಚ್‌ನ ರಮಝಾನಿನಲ್ಲಾದರೆ ಅಷ್ಟರಲ್ಲಿ ಫಜ್ರ್ ಅಝಾನ್ ಆಗಿರುತ್ತದೆ.

ಪುಡಿಯ ಮಾತೂ ಇದೆ. ಅಂಗಡಿಯಲ್ಲಿ ಸಿಗುವ ಚಿಕೋರಿ ಬೆರಕೆಯಲ್ಲಿ ಚಿಕೋರಿ 49 ಶೇಕಡಾದವರೆಗೆ ಇರಬಹುದು, ಕಾನೂನೇ ಅಷ್ಟು ಬಿಟ್ಟಿದೆ. ಹಿತ್ತಾಳೆಯ ಫಿಲ್ಟರಿಗೆ ಹೊಂದುವ ಆ ನುಣ್ಣನೆಯ ಪುಡಿ ಕಾಗದದ ಸೋಸುಕವನ್ನು ಕಟ್ಟಿಹಾಕಿ ನೀರು ಉಕ್ಕಿಸುತ್ತದೆ. ಯಂತ್ರಕ್ಕೆ ಸ್ವಲ್ಪ ತರಿಯಾದ, ಬೆರಕೆಯಿಲ್ಲದ ಪುಡಿ ಬೇಕು. ಲೀಟರಿಗೆ ಸುಮಾರು 60 ಗ್ರಾಂ, ಹಾಲು ಹಾಕುವವರಿಗೆ ಇನ್ನೂ ಹೆಚ್ಚು. ಕಾಫಿ ಬಿದ್ದ ಗಾಜಿನ ಹೂಜಿಯನ್ನು ಬಿಸಿ ತಟ್ಟೆಯ ಮೇಲೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಕಹಿಯಾಗುತ್ತದೆ, ಫ್ಲಾಸ್ಕಿನಂಥ ಹೂಜಿಯೇ ವಾಸಿ. ನಮ್ಮ ಉಪ್ಪುಗಾಳಿಯ ಮಳೆಗಾಲದಲ್ಲಿ ರಾತ್ರಿಯೇ ಹಾಕಿಟ್ಟ ಪುಡಿ ಬೆಳಗಿನ ಹೊತ್ತಿಗೆ ಸುವಾಸನೆ ಕಳೆದುಕೊಂಡಿರುತ್ತದೆ ಎಂಬುದೂ ನಿಜ. ಅದಕ್ಕೆ ಮದ್ದಿಲ್ಲ.

ಗಂಡಸರು ನಾವು ಎಷ್ಟು ಕಪ್ಪಿನದು, ಯಾವ ಕಂಪನಿಯದು ಎಂದು ವಾದಿಸುತ್ತಿದ್ದಾಗ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ: "ಕರೆಂಟು ಹೋಗಿ ಬಂದರೆ ಇದಕ್ಕೆ ಗಂಟೆ ನೆನಪಿರುತ್ತದೆಯೇ?"

ನಾವು ಯಾರೂ ಅದನ್ನು ನೋಡಿರಲಿಲ್ಲ. ಅಗ್ಗದ ಯಂತ್ರಗಳಲ್ಲಿ ಎಷ್ಟೋ ವಿದ್ಯುತ್ ಕಡಿದೊಡನೆ ಎಲ್ಲ ಮರೆತು 12:00 ಎಂದು ಮಿಟುಕುತ್ತ ಕೂರುತ್ತವೆ. ಜೂನ್ ತಿಂಗಳ ಗಾಳಿಮಳೆಗೆ ಘಟ್ಟದ ಕೆಳಗೆ ಒಂದು ರಾತ್ರಿಯೂ ತಂತಿ ನೆಟ್ಟಗಿರದ ಊರಿನಲ್ಲಿ ಅಂಥ ಗಡಿಯಾರವನ್ನು ನಂಬಿ ಮಲಗಿದರೆ ಸಹರಿಯೇ ತಪ್ಪುತ್ತದೆ. ಯಂತ್ರ ಎಳೆಯುವುದು ಎಂಟುನೂರು, ಸಾವಿರ ವಾಟ್. ದೀಪ ಫ್ಯಾನುಗಳಿಗೆಂದು ಇಟ್ಟ ಇನ್ವರ್ಟರ್ ಅದನ್ನು ಹೊರಲಾರದು. ಕೊನೆಗೆ ಗಡಿಯಾರಕ್ಕೆ ಒಳಗೇ ಬ್ಯಾಟರಿಯಿರುವ, ಫ್ಲಾಸ್ಕ್ ಹೂಜಿಯ ಯಂತ್ರವನ್ನು ಇಲ್ಲಿಯೇ ಕೊಂಡೆವು. ಹಿತ್ತಾಳೆಯ ಫಿಲ್ಟರು ಅಟ್ಟ ಸೇರಲಿಲ್ಲ, ಪಕ್ಕದಲ್ಲೇ ಇದೆ.

ಅಲ್ ಅಝ್ಹರ್‌ನ ಆ ಹಿರಿಯರ ಕತೆಯನ್ನು ನಾವೇ ಮನೆಯಲ್ಲಿ ಹೇಳಿದ್ದರಿಂದ ರಾತ್ರಿ ನೀರು, ಪುಡಿ ತುಂಬಿಸುವುದೂ ಬೆಳಗ್ಗೆ ಹಾಲು ಕಾಯಿಸಿ ಎಲ್ಲರಿಗೂ ಬಗ್ಗಿಸಿ ಕೊಡುವುದೂ ಗಂಡಸರ ಪಾಲಿಗೆ ಬಂತು. ಮೊದಲ ವಾರದಲ್ಲಿ ಯಂತ್ರ ಒಂದು ದಿನವೂ ಗಂಟೆ ತಪ್ಪಲಿಲ್ಲ. ನೀರು ತುಂಬಿಸಲು ನಾವು ಎರಡು ದಿನ ಮರೆತೆವು.