ಹೆಬ್ಬೆಟ್ಟಿನ ಕಾವಲು

ಉಪನೋಂದಣಿ ಕಚೇರಿಯ ಎದುರು ಪತ್ರ ಬರೆದುಕೊಂಡೇ ಬದುಕಿದವನು ನಾನು. ಕ್ರಯಪತ್ರಕ್ಕೆ ಚಕ್ಕುಬಂದಿ ಬರೆದು, ಕೊನೆಯಲ್ಲಿ ಬಿಕ್ಕಲಂ, ಅಂದರೆ ಬರೆದವನು, ಎಂದು ನನ್ನ ಹೆಸರು ಹಾಕುವಾಗ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಎದುರಿಗೆ ಕೂತವನು ನಿಜಕ್ಕೂ ಜಮೀನಿನ ಒಡೆಯನೇ? ಊರು ಬಿಟ್ಟ ಅಣ್ಣನ ಹೆಸರಿನಲ್ಲಿ ಬೇರೆ ಯಾರನ್ನೋ ತಂದು ನಿಲ್ಲಿಸುವುದು ನಮ್ಮ ಕಸುಬಿನಷ್ಟೇ ಹಳೆಯ ಮೋಸ.

ಅದನ್ನು ತಡೆಯಲೆಂದೇ ಹೆಬ್ಬೆಟ್ಟು ಬಂತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ಕರಾರಿನ ಮೇಲೆ ಗುತ್ತಿಗೆದಾರ ರಾಜ್ಯಧರ ಕೊನಾಯಿಯ ಇಡೀ ಅಂಗೈ ಒತ್ತಿಸಿಕೊಂಡ. ಈ ಸಹಿ ನನ್ನದಲ್ಲ ಎಂದು ನಾಳೆ ಅವನು ತಿರುಗಿಬೀಳಬಾರದಲ್ಲ! 1877ರಲ್ಲಿ ಹೂಗ್ಲಿಯಲ್ಲಿ ಅದೇ ಹರ್ಷೆಲ್ ಪಿಂಚಣಿದಾರರಿಂದಲೂ ಪತ್ರ ನೋಂದಾಯಿಸುವವರಿಂದಲೂ ಬೆರಳಚ್ಚು ತೆಗೆಸತೊಡಗಿದ. ಸತ್ತವರ ಪಿಂಚಣಿಯನ್ನು ಬೇರೆಯವರು ಎಣಿಸಿಕೊಂಡು ಹೋಗುವುದು ನಿಲ್ಲಬೇಕಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೊ ತೆರೆಯಿತು. ರಾಶಿ ಅಚ್ಚುಗಳಲ್ಲಿ ಬೇಕಾದ ಒಂದನ್ನು ಹುಡುಕಿ ತೆಗೆಯುವ ಕ್ರಮಕ್ಕಾಗಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಕ್ರಮಕ್ಕೆ ಹೆಸರು ಬಂದದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಇದು ಅನ್ಯಾಯವೆಂದೇ ನನ್ನ ಎಣಿಕೆ.

ನಮ್ಮ ಕಚೇರಿಯಲ್ಲಿ ಎಡಗೈ ಹೆಬ್ಬೆಟ್ಟನ್ನು ಮಸಿಗೆ ತಾಗಿಸಿ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೆಲ್ಲಗೆ ಹೊರಳಿಸುತ್ತಿದ್ದರು. ಅದುಮಿದರೆ ಗೆರೆಗಳೆಲ್ಲ ಕಲಸಿ ಬರೀ ಕರಿ ಬೊಟ್ಟು. ಕಲ್ಲು ಒಡೆಯುವವರ ಬೆರಳಲ್ಲಿ ಗೆರೆಯೇ ಸವೆದಿರುತ್ತಿತ್ತು. ಗುಮಾಸ್ತರು ಒರೆಸಿ ಒರೆಸಿ ಮತ್ತೆ ಒತ್ತಿಸುತ್ತಿದ್ದರು. ಒಂದು ಅಚ್ಚು ಪತ್ರಕ್ಕೆ, ಇನ್ನೊಂದು ಹೆಬ್ಬೆಟ್ಟಿನ ಪುಸ್ತಕಕ್ಕೆ. ಪುಸ್ತಕ ಕಬ್ಬಿಣದ ಬೀರುವಿನೊಳಗೆ. ತಕರಾರು ಎದ್ದಾಗ ಕೋರ್ಟಿನಲ್ಲಿ ಸಾಕ್ಷಿ ಹೇಳುವುದಷ್ಟೇ ಅದರ ಕೆಲಸ.

ಆಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಬಂತು. ಮಸಿಯ ಜಾಗಕ್ಕೆ ಸ್ಕ್ಯಾನರ್, ಫೋಟೊಗೆ ಕ್ಯಾಮೆರಾ. ಜನಕ್ಕೆ ಅನುಕೂಲವಾಯಿತು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅಷ್ಟರಲ್ಲಿ ಅದೇ ಬೆರಳಿಗೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಆಧಾರ್ ಆಧಾರಿತ ಪಾವತಿಯಲ್ಲಿ ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿಯೂ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇದ್ದರೆ ಹಳ್ಳಿಯ ಅಂಗಡಿಯಲ್ಲೇ ಹಣ ಕೈಗೆ ಬರುತ್ತದೆ. ಕ್ರಯಪತ್ರದ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಇರುತ್ತಿತ್ತು, ಬೆರಳಚ್ಚೂ ಇರುತ್ತಿತ್ತು. ಕಳ್ಳರಿಗೆ ಇನ್ನೇನು ಬೇಕು? ಅಚ್ಚನ್ನು ಸಿಲಿಕೋನಿಗೆ ಇಳಿಸಿ ಯಂತ್ರಕ್ಕೆ ಒತ್ತಿದರು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಾಯಿಸಿದವರು ಖಾತೆಯಿಂದ ಹಣ ಹೋಯಿತೆಂದು ಪೊಲೀಸರ ಬಳಿಗೆ ಓಡಿದರು. ಇಲಾಖೆಯ ಜಾಲತಾಣದ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಮಾತು ಬಂದದ್ದು ಆಮೇಲೆ.

ಈಗಲೂ ಪತ್ರದ ವಿಚಾರ ಕೇಳಲು ಬರುವವರಿಗೆ ಮೊದಲು ಹೇಳುವುದು ಇದನ್ನೇ: ಆಧಾರ್‌ಗೆ ಬಯೋಮೆಟ್ರಿಕ್ ಲಾಕ್ ಹಾಕಿಸಿ. ರೇಷನ್ ಅಂಗಡಿಯಲ್ಲಿ ಬೆರಳು ಕೊಡುವಾಗ ತೆರೆದರಾಯಿತು. ಜೆರಾಕ್ಸ್ ಕೊಡಲೇಬೇಕಾದಲ್ಲಿ, ಅವರು ಒಪ್ಪುವುದಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ 3 ಕೆಲಸದ ದಿನಗಳೊಳಗೆ ಬರೆದುಕೊಡಿ, ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ತಾರೀಖು, ಮೊಹರು ಹಾಕಿಸಿಕೊಂಡೇ ಕೌಂಟರ್ ಬಿಡಿ.