ಶ್ವಾಸಕೋಶದ ಕ್ಯಾನ್ಸರ್: ಬೇಗನೆ ಪತ್ತೆಹಚ್ಚಲು ಬ್ರಾಂಕೋಸ್ಕೋಪಿಯ ನೆರವು

ಕೆಮ್ಮು, ಕಫದಲ್ಲಿ ರಕ್ತ ಕಂಡಾಗ ನಮಗೆ ಮೊದಲು ನೆನಪಾಗುವುದು ಕ್ಷಯರೋಗ. ಕಫ ಪರೀಕ್ಷೆಯಲ್ಲಿ ಕ್ಷಯ ದೃಢವಾಗದಿದ್ದರೂ ಅದರ ಮಾತ್ರೆಗಳನ್ನೇ ತಿಂಗಳುಗಟ್ಟಲೆ ನುಂಗಿ, ಕ್ಯಾನ್ಸರ್ ಬಲಿತ ಮೇಲೆ ತಜ್ಞರ ಬಳಿ ಹೋದವರು ನಮ್ಮ ದೇಶದಲ್ಲಿ ಹಲವರಿದ್ದಾರೆ. ಆದುದರಿಂದ ಬ್ರಾಂಕೋಸ್ಕೋಪಿ ಎಂದರೇನೆಂದು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ಮೂಗು ಅಥವಾ ಬಾಯಿಯ ಮೂಲಕ ತೆಳುವಾದ ಕೊಳವೆಯನ್ನು ಇಳಿಸಿ ಶ್ವಾಸನಾಳವನ್ನು ಒಳಗಿನಿಂದ ನೋಡುವ ಪರೀಕ್ಷೆ ಇದು. ಬಾಗುವ ಕೊಳವೆಯನ್ನು 1960ರ ದಶಕದಲ್ಲಿ ಜಪಾನಿನ ಡಾ. ಶಿಗೆಟೊ ಇಕೆಡಾ ರೂಪಿಸಿದರು. ಗಂಟಲನ್ನು ಮರಗಟ್ಟಿಸುವುದರಿಂದ ಹೆದರಬೇಕಾಗಿಲ್ಲ. ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ.

ಆರಂಭದ ಕ್ಯಾನ್ಸರ್ ಕೆಲವೇ ಜೀವಕೋಶಗಳಷ್ಟು ದಪ್ಪವಿರುವುದರಿಂದ ಸಾಮಾನ್ಯ ಬಿಳಿ ಬೆಳಕಿನಲ್ಲಿ ಕಣ್ತಪ್ಪಬಹುದು. ಇದಕ್ಕಾಗಿ ಬಂದ ವಿಧಾನಗಳು ಹೀಗಿವೆ:

ಆಟೋಫ್ಲೋರೆಸೆನ್ಸ್: ನೀಲಿ ಬೆಳಕು ಬಿದ್ದಾಗ ಆರೋಗ್ಯವಂತ ಭಾಗ ಹಸಿರಾಗಿ ಹೊಳೆಯುತ್ತದೆ, ಕೆಟ್ಟ ಭಾಗ ಮಸುಕಾಗಿ, ಕೆಂಪು-ಕಂದಾಗಿ ಕಾಣುತ್ತದೆ. 1990ರ ದಶಕದಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾ. ಸ್ಟೀಫನ್ ಲ್ಯಾಮ್ ಮತ್ತು ಸಂಗಡಿಗರು ಇದನ್ನು ಬೆಳೆಸಿದರು.

ನ್ಯಾರೋ ಬ್ಯಾಂಡ್ ಇಮೇಜಿಂಗ್: ರಕ್ತ ಹೀರಿಕೊಳ್ಳುವ ನೀಲಿ (415 ನ್ಯಾನೋಮೀಟರ್) ಮತ್ತು ಹಸಿರು (540 ನ್ಯಾನೋಮೀಟರ್) ಬೆಳಕನ್ನಷ್ಟೇ ಬಳಸುವುದರಿಂದ, ಗಡ್ಡೆಗೆಂದು ಹುಟ್ಟಿದ ವಕ್ರ ರಕ್ತನಾಳಗಳು ಎದ್ದು ಕಾಣುತ್ತವೆ.

ಇಬಸ್: ಕೊಳವೆಯ ತುದಿಯ ಅಲ್ಟ್ರಾಸೌಂಡ್, ನಾಳದ ಗೋಡೆಯಾಚೆಯ ದುಗ್ಧಗ್ರಂಥಿಗಳನ್ನು ತೋರಿಸುತ್ತದೆ, ಅಲ್ಲಿಂದ ಸೂಜಿಯಿಂದ ಮಾದರಿ ತೆಗೆಯಬಹುದು.

ಆದರೆ ಬಣ್ಣ ಬದಲಾದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಉರಿಯೂತವೂ ಹಾಗೆಯೇ ಕಾಣಬಹುದು. ಬಯಾಪ್ಸಿಯ ವರದಿಯೇ ಕೊನೆಯ ಮಾತು. ಶ್ವಾಸಕೋಶದ ಅಂಚಿನ ಸಣ್ಣ ಗಂಟುಗಳು ಈ ಬೆಳಕಿಗೆ ಸಿಗುವುದಿಲ್ಲ, ಅವುಗಳಿಗೆ ಸಿ.ಟಿ. ಸ್ಕ್ಯಾನ್ ಬೇಕು. ಬಹಳ ವರ್ಷ ಧೂಮಪಾನ ಮಾಡಿದ 55ರಿಂದ 74 ವಯಸ್ಸಿನವರ ಮೇಲೆ ಅಮೆರಿಕದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನ ಸಾವು ಎಕ್ಸ್-ರೇ ಗುಂಪಿಗಿಂತ ಶೇ. 20 ಕಡಿಮೆಯಿತ್ತು. ಹಾಗಾಗಿ ಬ್ರಾಂಕೋಸ್ಕೋಪಿ ಎಲ್ಲರಿಗೂ ಮಾಡುವ ತಪಾಸಣೆಯಲ್ಲ, ಸಂಶಯವಿದ್ದವರಿಗೆ ವೈದ್ಯರು ಸೂಚಿಸುವ ಪರೀಕ್ಷೆ.

ಬೀಡಿ, ಸಿಗರೇಟು ಸೇದಿದವರು ಹೆಚ್ಚು ಎಚ್ಚರ ವಹಿಸಬೇಕು. ಸೇದದವರಿಗೂ ಈ ರೋಗ ಬರುವುದುಂಟು. ಎರಡು-ಮೂರು ವಾರ ನಿಲ್ಲದ ಕೆಮ್ಮು, ಕಫದಲ್ಲಿ ರಕ್ತ, ಸ್ವರ ಬದಲಾವಣೆ, ತೂಕ ಇಳಿಕೆ ಕಂಡರೆ ತಡಮಾಡಬಾರದು. ಕ್ಷಯದ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಗುಣ ಕಾಣದಿದ್ದರೆ ಸ್ಕ್ಯಾನ್, ಬ್ರಾಂಕೋಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಮನೆಭೇಟಿಗೆ ಹೋದಾಗ ಇಂಥ ಕೆಮ್ಮು ನಮ್ಮ ಕಿವಿಗೆ ಬಿದ್ದರೆ, ಈ ಮಾತನ್ನು ಮನೆಯವರಿಗೆ ತಿಳಿಸೋಣ.